ಪೆಟ್ಟಿಗೆ ಚಿಕ್ಕದು, ಕೇಬಲ್ಲು ದಪ್ಪ, ಜೀವ ದೊಡ್ಡದು

(ಕುವೆಂಪುನಗರದಲ್ಲಿ ವೈರ್‌ಮನ್‌ಗಳು, ಸಹಾಯಕರು ಹಾಗೂ ಬಡಾವಣೆಯ ಕನ್ನಡಾಭಿಮಾನಿಗಳು ಸೇರಿದ್ದ ಸಭೆಯಲ್ಲಿ ಹಿರಿಯ ವಿದ್ಯುತ್ ಕೆಲಸಗಾರರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ನಲವತ್ತು ವರ್ಷ ಇಕ್ಕಳ, ಸ್ಪ್ಯಾನರ್ ಹಿಡಿದ ಕೈ ಇದು. ಮೈಕು ಹಿಡಿದು ಅಭ್ಯಾಸವಿಲ್ಲ. ಆದರೂ ಸಂಘಟಕರು ಬಿಡಲಿಲ್ಲ. "ನಿಮ್ಮ ಕಸುಬಿನ ವಿಷಯವನ್ನೇ ಮಾತಾಡಿ, ಕನ್ನಡದಲ್ಲಿ ಮಾತಾಡಿ, ಅಷ್ಟು ಸಾಕು" ಅಂದರು. ಕನ್ನಡ ಬಿಟ್ಟು ಬೇರೆ ಯಾವ ಭಾಷೆಯಲ್ಲಿ ಮಾತಾಡಲಿ ಸ್ವಾಮಿ? ನನಗೆ ಬರುವುದೇ ಅದೊಂದು! ಅದಕ್ಕೇ ಒಪ್ಪಿಕೊಂಡೆ.

ಇವತ್ತಿನ ವಿಷಯ ಕೇಳಿದರೆ ಕೆಲವರಿಗೆ ನಗು ಬರಬಹುದು. ದಪ್ಪ ಕೇಬಲ್ಲನ್ನು ಚಿಕ್ಕ ಪೆಟ್ಟಿಗೆಯೊಳಗೆ ಹೇಗೆ ಕೂರಿಸಬೇಕು ಅನ್ನುವುದು. ಇದಕ್ಕೊಂದು ಸಭೆ ಬೇಕೇ? ಬೇಕು ಬಂಧುಗಳೇ. ಈ ಬಡಾವಣೆಯನ್ನೇ ಒಂದು ಸುತ್ತು ಹಾಕಿ ಬನ್ನಿ. ನಾವು ಹುಡುಗರಾಗಿದ್ದಾಗ ಒಂದಂತಸ್ತಿನ ಮನೆಗಳಿದ್ದ ನಿವೇಶನಗಳಲ್ಲಿ ಇಂದು ನಾಲ್ಕಂತಸ್ತಿನ ಕಟ್ಟಡಗಳು. ಲಿಫ್ಟು, ಬೋರ್‌ವೆಲ್ ಮೋಟಾರು, ಎ.ಸಿ., ಗೀಸರು, ಈಗ ಕಾರಿಗೂ ಕರೆಂಟು! ಲೋಡು ಹತ್ತು ಪಟ್ಟು ಏರಿದೆ. ಪ್ಯಾನಲ್ಲಿಗೆ ಬಿಟ್ಟಿರುವ ಜಾಗ ಮಾತ್ರ ಅದೇ ಮೆಟ್ಟಿಲ ಕೆಳಗಿನ ಗೂಡು. ಚಪ್ಪಲಿ ಸ್ಟ್ಯಾಂಡಿಗೆ ಉಳಿದ ಜಾಗವನ್ನು ಮೂರು ಫೇಸಿನ ಪೆಟ್ಟಿಗೆಗೆ ಕೊಟ್ಟಿರುತ್ತಾರೆ. ಅಲ್ಲಿ ಮಂಡಿಯೂರಿ ಕೂತು ಕೈಗಾತ್ರದ ಕೇಬಲ್ಲನ್ನು ಬಗ್ಗಿಸುವವರು ಯಾರು? ನಾವೇ ಅಲ್ಲವೇ?

ನನ್ನ ತಪ್ಪಿನಿಂದ ಶುರು ಮಾಡುತ್ತೇನೆ

ತೊಂಬತ್ತರ ದಶಕದ ಮಾತು. ದಿನಕ್ಕೆ ಐದಾರು ಗಂಟೆ ಕರೆಂಟು ಹೋಗುತ್ತಿದ್ದ ಕಾಲ. ಮೈಸೂರಿನ ಹೊರವಲಯದ ಒಂದು ಕಾರ್ಖಾನೆ, ಹೆಸರು ಬೇಡ. ಹೊಸ ಜನರೇಟರ್ ತಂದಿದ್ದರು. ಅದರಿಂದ ಚೇಂಜ್‌ಓವರ್ ಪ್ಯಾನಲ್ಲಿಗೆ ಕೇಬಲ್ ಎಳೆಯುವ ಕೆಲಸ ನನ್ನದು. ನಾಲ್ಕು ಸಿಂಗಲ್ ಕೋರ್ ತಾಮ್ರದ ಕೇಬಲ್ಲು, ಮೂರು ಫೇಸು, ಒಂದು ನ್ಯೂಟ್ರಲ್. ಪ್ಯಾನಲ್ಲು ಗೋಡೆಯ ಮೂಲೆಗೆ ಒತ್ತಿಕೊಂಡಿತ್ತು. ಕೆಳಗಡೆ ನೆಲಕ್ಕೂ ಪೆಟ್ಟಿಗೆಗೂ ಒಂದು ಗೇಣು ಜಾಗ. ನಾನು ಪೆಟ್ಟಿಗೆಯ ತಳದ ಕಬ್ಬಿಣದ ತಗಡಿನಲ್ಲಿ ನಾಲ್ಕು ತೂತು ಕೊರೆದು, ನಾಲ್ಕು ಕೇಬಲ್ಲನ್ನೂ ಬೇರೆ ಬೇರೆಯಾಗಿ ನೂರಿಸಿ, ಅಂದವಾಗಿ ಕೂರಿಸಿದೆ. ನೋಡಿದವರೆಲ್ಲ "ಏನ್ ನೀಟಾಗಿದೆ!" ಅಂದರು.

ನನ್ನ ಜೊತೆ ಸಹಾಯಕ್ಕೆ ನಮ್ಮ ಬಡಾವಣೆಯದೇ ಹುಡುಗನೊಬ್ಬ ಇದ್ದ. ಏಳನೇ ತರಗತಿ ಓದಿದ್ದವ. ಕನ್ನಡ ಪೇಪರನ್ನು ಮೊದಲಿಂದ ಕೊನೆಯವರೆಗೆ ಬಿಡದೆ ಓದುತ್ತಿದ್ದ. ಪ್ಯಾನಲ್ ಬಾಗಿಲ ಒಳಗಡೆ ಒಂದು ಕಾಗದ ಅಂಟಿಸಿತ್ತು. ಪೂರ್ತಿ ಇಂಗ್ಲಿಷು. ಅವನು ಕೇಳಿದ: "ಅಣ್ಣ, ಇದರಲ್ಲೇನೋ ಕೇಬಲ್ಲಿನ ಚಿತ್ರ ಹಾಕಿದ್ದಾರಲ್ಲ, ಏನು ಬರೆದಿದೆ?" ನನಗೂ ಇಂಗ್ಲಿಷು ಅಷ್ಟಕ್ಕಷ್ಟೇ. ಗೊತ್ತಿಲ್ಲ ಅನ್ನಲು ನಾಚಿಕೆ. "ಅದೆಲ್ಲ ಇದ್ದದ್ದೇ ಬಿಡೋ" ಅಂದುಬಿಟ್ಟೆ.

ಮೂರು ತಿಂಗಳು ಕಳೆದಿರಬೇಕು. ಜನರೇಟರ್ ಓಡುವಾಗ ಪ್ಯಾನಲ್ ಹತ್ತಿರ ಸುಟ್ಟ ವಾಸನೆ ಬರುತ್ತಿದೆ ಅಂತ ಹೇಳಿ ಕಳಿಸಿದರು. ನಾನು ಬೇರೆ ಕಡೆ ಇದ್ದೆ. ಹುಡುಗನೇ ಹೋದ. ಜನರೇಟರ್ ನಿಲ್ಲಿಸಿ ಅಂತ ಕೇಳಿದರೆ "ಕೆಲಸ ನಿಲ್ಲುತ್ತೆ, ಸುಮ್ನೆ ಬಾಗಿಲು ತೆಗೆದು ನೋಡಪ್ಪ" ಅಂದರಂತೆ. ಬಾಗಿಲು ತೆಗೆದು, ಕೇಬಲ್ಲನ್ನು ಕೊಂಚ ಅಲ್ಲಾಡಿಸಿದ್ದಾನೆ. ಮೆತ್ತಗಾಗಿದ್ದ ಹೊದಿಕೆ ತಗಡಿನ ಅಂಚಿಗೆ ತಾಗಿ ಹರಿದು, ಫೇಸು ಪೆಟ್ಟಿಗೆಗೆ ಬಿತ್ತು. ಢಮ್ ಅಂದಿತು. ಬಲಗೈ ಮೊಣಕೈವರೆಗೆ ಸುಟ್ಟಿತು. ಜೀವ ಉಳಿಯಿತು, ಎರಡು ಬೆರಳು ಮಡಿಸಲಿಕ್ಕೆ ಬರಲಿಲ್ಲ. ಆ ಮೇಲೆ ಅವನು ಈ ಕಸುಬಿಗೆ ಬರಲಿಲ್ಲ.

ಆಸ್ಪತ್ರೆಯಿಂದ ನೇರವಾಗಿ ಕಾರ್ಖಾನೆಗೆ ಹೋಗಿ, ಆ ಕಾಗದವನ್ನು ಕಿತ್ತುಕೊಂಡು ಬಂದು ಮೇಷ್ಟ್ರೊಬ್ಬರ ಹತ್ತಿರ ಓದಿಸಿದೆ. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಸಿಂಗಲ್ ಕೋರ್ ಕೇಬಲ್ಲುಗಳನ್ನು ಕಬ್ಬಿಣದ ತಗಡಿನ ಬೇರೆ ಬೇರೆ ತೂತುಗಳಲ್ಲಿ ಹಾಯಿಸಬೇಡಿ! ಆ ಒಂದು ಸಾಲು ಕನ್ನಡದಲ್ಲಿದ್ದಿದ್ದರೆ ಆ ಹುಡುಗನೇ ಓದಿ ಹೇಳುತ್ತಿದ್ದ. ತಪ್ಪು ಕಾಗದದ್ದು ಮಾತ್ರ ಅಂತ ನಾನು ಹೇಳುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನದೇ ಹೋದ ನನ್ನದೂ ತಪ್ಪು. ಅದಕ್ಕೇ ಈಗ ನಿಮಗೆಲ್ಲ ಬಿಡಿಸಿ ಹೇಳುತ್ತಿದ್ದೇನೆ.

ಕಬ್ಬಿಣ ಬಿಸಿಯಾಗುವುದೇಕೆ?

ಕೇಬಲ್ಲಿನಲ್ಲಿ ಕರೆಂಟು ಹರಿದರೆ ಅದರ ಸುತ್ತ ಅಯಸ್ಕಾಂತದ ಬಲ ಹುಟ್ಟುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು, ಆ ಬಲವೂ ಹಾಗೇ ಹಿಂದುಮುಂದು ತಿರುಗುತ್ತಲೇ ಇರುತ್ತದೆ. ಒಂಟಿ ಕೇಬಲ್ಲಿನ ಸುತ್ತ ಕಬ್ಬಿಣದ ಉಂಗುರ ಇದ್ದರೆ, ಆ ಕಬ್ಬಿಣದೊಳಗೇ ಸುಳಿಯಂತೆ ಕರೆಂಟು ಹುಟ್ಟಿ ತಗಡು ಕಾಯುತ್ತದೆ. ಮೂರು ಫೇಸು, ನ್ಯೂಟ್ರಲ್ ಎಲ್ಲವೂ ಒಂದೇ ತೂತಿನಲ್ಲಿ ಹೋದರೆ ಒಂದರ ಬಲವನ್ನು ಇನ್ನೊಂದು ಕಳೆಯುತ್ತದೆ, ತಗಡು ತಣ್ಣಗಿರುತ್ತದೆ. ಇಷ್ಟೇ ಗುಟ್ಟು.

ಆದ್ದರಿಂದ ಸಿಂಗಲ್ ಕೋರ್ ಆದರೆ ಎಲ್ಲವನ್ನೂ ಒಂದೇ ದೊಡ್ಡ ತೂತಿನಲ್ಲಿ, ಅಂಚಿಗೆ ರಬ್ಬರ್ ಬುಶ್ ಹಾಕಿ ತನ್ನಿ. ಬೇರೆ ಬೇರೆ ತೂತೇ ಬೇಕೆಂದರೆ ತಳದ ತಗಡನ್ನು ಅಲ್ಯೂಮಿನಿಯಂನದು ಹಾಕಿಸಿ. ಮೂರೂವರೆ ಕೋರ್ ಕೇಬಲ್ಲಿಗೆ ಈ ತಾಪತ್ರಯವಿಲ್ಲ. ಎಲ್ಲ ಕೋರೂ ಒಂದೇ ಕವಚದಲ್ಲಿ ಬರುತ್ತವೆ.

ಮೊದಲು ಅಳತೆ, ಆಮೇಲೆ ಕತ್ತರಿ

ನಮ್ಮಲ್ಲಿ ಹೆಚ್ಚಿನವರು ಮಾಡುವುದೇನು? ಕೇಬಲ್ ತಂದು, ಎಳೆದು, ಕತ್ತರಿಸಿ, ಪೆಟ್ಟಿಗೆಯ ಮುಂದೆ ಕೂತ ಮೇಲೆ "ಅಯ್ಯೋ, ಬಗ್ಗುತ್ತಿಲ್ಲವಲ್ಲ!" ಅನ್ನುವುದು. ಆಗ ಶುರುವಾಗುತ್ತದೆ ಕುಸ್ತಿ.

ಲೆಕ್ಕ ನೋಡಿ. 240 ಚದರ ಮಿ.ಮೀ.ನ ಮೂರೂವರೆ ಕೋರ್ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ಲು. ಮೂರು ಕೋರು 240, ಅರ್ಧ ಕೋರು 120. ಅದರ ಹೊರಗಿನ ದಪ್ಪ ಸುಮಾರು 60 ಮಿ.ಮೀ. ತೂಕ ಮೀಟರಿಗೆ ಹೆಚ್ಚು ಕಡಿಮೆ 5 ಕಿಲೋ. ಇಂಥ ಕೇಬಲ್ಲನ್ನು ಅದರ ದಪ್ಪದ 12 ಪಟ್ಟಿಗಿಂತ ಕಡಿಮೆ ತ್ರಿಜ್ಯದಲ್ಲಿ ಬಗ್ಗಿಸಬಾರದು ಅನ್ನುವುದು ಸಾಮಾನ್ಯ ನಿಯಮ. 60ರ 12 ಪಟ್ಟು ಎಂದರೆ 720 ಮಿ.ಮೀ. ಎರಡು ಅಡಿಗಿಂತ ಜಾಸ್ತಿ! ಒಂದು ಅಡಿ ಆಳದ ಪೆಟ್ಟಿಗೆಯ ಕೆಳಗೆ ಒಂದು ಗೇಣು ಜಾಗ ಬಿಟ್ಟರೆ ಈ ಬಾಗು ಎಲ್ಲಿಂದ ಬರಬೇಕು? ಬಲವಂತವಾಗಿ ಬಗ್ಗಿಸಿದರೆ ಒಳಗಿನ ಹೊದಿಕೆ ಒಂದು ಕಡೆ ಹಿಗ್ಗಿ ತೆಳುವಾಗುತ್ತದೆ, ಇನ್ನೊಂದು ಕಡೆ ಮಡಿಚಿಕೊಳ್ಳುತ್ತದೆ. ಅವತ್ತೇನೂ ಆಗುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಆಗುತ್ತದೆ. ಆಗ ನೀವೂ ಇರುವುದಿಲ್ಲ, ನಿಮ್ಮ ಬಿಲ್ಲೂ ಇರುವುದಿಲ್ಲ. ಯಾವನೋ ಮನೆಯವನು ಇರುತ್ತಾನೆ!

ನಾನು ಮಾಡುವ ಉಪಾಯ ಹೇಳುತ್ತೇನೆ. ಕೇಬಲ್ ತರುವ ಮೊದಲು ಅದೇ ದಪ್ಪದ ರಬ್ಬರ್ ಹೋಸ್ ಒಂದೆರಡು ಮೀಟರ್ ತೆಗೆದುಕೊಂಡು ಹೋಗುತ್ತೇನೆ. ರಟ್ಟಿನಲ್ಲಿ 720 ಮಿ.ಮೀ. ತ್ರಿಜ್ಯದ ಕಾಲು ವೃತ್ತ ಕತ್ತರಿಸಿ ಗೋಡೆಗೆ ಹಿಡಿಯುತ್ತೇನೆ. ಹೋಸು ಆ ರಟ್ಟಿನ ಅಂಚಿಗೆ ಸರಿಯಾಗಿ ಪೆಟ್ಟಿಗೆಯೊಳಗೆ ಬಂದರೆ ಕೇಬಲ್ಲೂ ಬರುತ್ತದೆ. ಬರದಿದ್ದರೆ ಮಾಲೀಕರನ್ನು ಕರೆದು ತೋರಿಸುತ್ತೇನೆ. ಹತ್ತು ರೂಪಾಯಿಯ ರಟ್ಟು ಹತ್ತು ಸಾವಿರದ ಜಗಳ ತಪ್ಪಿಸುತ್ತದೆ.

ಬರದಿದ್ದರೆ ದಾರಿ ಏನು? ನಾಲ್ಕಿವೆ. ಒಂದು, ಪೆಟ್ಟಿಗೆಯನ್ನೇ ಮೇಲೆತ್ತಿ ಕೂರಿಸುವುದು ಅಥವಾ ಕಟ್ಟೆ ಕಟ್ಟಿಸುವುದು. ಎರಡು, ಪೆಟ್ಟಿಗೆಯ ಕೆಳಗೆ ಅಷ್ಟೇ ಅಗಲದ ಇನ್ನೊಂದು ಖಾಲಿ ಪೆಟ್ಟಿಗೆ ಜೋಡಿಸಿ, ಕೋರು ಬಿಡಿಸುವ ಕೆಲಸವನ್ನು ಅದರಲ್ಲಿ ಮುಗಿಸುವುದು. ಮೂರು, ಕೆಳಗಿನಿಂದ ಬಾರದಿದ್ದರೆ ಪಕ್ಕದಿಂದ ಅಥವಾ ಹಿಂದಿನಿಂದ ನೇರವಾಗಿ ತರುವುದು. ನಾಲ್ಕು, ಒಂದು ದಪ್ಪ ಕೇಬಲ್ಲಿನ ಬದಲು ಎರಡು ಸಣ್ಣ ಕೇಬಲ್ಲು ಹಾಕುವುದು. ಸಣ್ಣದು ಸುಲಭವಾಗಿ ಬಗ್ಗುತ್ತದೆ. ಆದರೆ ಎರಡೂ ಒಂದೇ ಉದ್ದ, ಒಂದೇ ಗಾತ್ರ, ಒಂದೇ ಜಾತಿಯದಾಗಿರಬೇಕು. ಇಲ್ಲದಿದ್ದರೆ ಗಿಡ್ಡದ್ದು ಹೆಚ್ಚು ಹೊರೆ ಹೊತ್ತು ಸುಡುತ್ತದೆ. ಒಂದು ಹೆಗಲು ತಗ್ಗಿದರೆ ಪಲ್ಲಕ್ಕಿಯ ಭಾರವೆಲ್ಲ ಅತ್ತ ಜಾರುವುದಿಲ್ಲವೇ, ಹಾಗೆ.

ಒಂದನ್ನು ಮಾತ್ರ ಮಾಡಬೇಡಿ. ಕೇಬಲ್ ಬಗ್ಗಲಿಲ್ಲ ಅಂತ ಬ್ಲೋಲ್ಯಾಂಪ್ ಹಿಡಿಯಬೇಡಿ. ಬೇಕಾದರೆ ಬಿಸಿಲಿನಲ್ಲಿ ಹಾಕಿಡಿ, ಕೊಂಚ ಸಡಿಲವಾಗುತ್ತದೆ. ಬೆಂಕಿ ಮುಟ್ಟಿಸಿದ ಹೊದಿಕೆ ಮತ್ತೆ ಹೊದಿಕೆಯಾಗುವುದಿಲ್ಲ.

ಪೆಟ್ಟಿಗೆಯ ಒಳಗೆ

ಕೇಬಲ್ಲನ್ನು ಪೆಟ್ಟಿಗೆಯ ಬಾಯಿಗೆ ಹಿಡಿದು ನಿಲ್ಲಿಸುವುದು ಗ್ಲ್ಯಾಂಡು. ಅದರ ಕೆಲಸ ಮೂರು: ಕೇಬಲ್ಲನ್ನು ಬಿಗಿಯಾಗಿ ಹಿಡಿಯುವುದು, ಉಕ್ಕಿನ ಕವಚವನ್ನು ಅರ್ತಿಗೆ ಸೇರಿಸುವುದು, ನೀರು, ಧೂಳು ಬಾರದಂತೆ ಬಾಯಿ ಮುಚ್ಚುವುದು. ಜಾಗ ಸಾಲದು ಅಂತ ಗ್ಲ್ಯಾಂಡ್ ಬಿಟ್ಟು, ತೂತಿಗೆ ಗೋಣಿಚೀಲ ತುರುಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕವಚಕ್ಕೆ ಅರ್ತಿಲ್ಲದಿದ್ದರೆ, ನಾಳೆ ಯಾರೋ ಪಿಕಾಸಿಯಿಂದ ಕೇಬಲ್ಲಿಗೆ ಹೊಡೆದಾಗ ಫ್ಯೂಸು ಹೋಗುವುದಿಲ್ಲ, ಮನುಷ್ಯ ಹೋಗುತ್ತಾನೆ! ಬಳಸದೆ ಉಳಿದ ತೂತುಗಳನ್ನೂ ಮುಚ್ಚಿ. ಹಲ್ಲಿ, ಇಲಿ, ಇರುವೆಗಳಿಗೆ ಬಸ್‌ಬಾರ್ ಯಾವುದು ಗೊತ್ತಾಗುವುದಿಲ್ಲ. ಒಂದು ಹಲ್ಲಿ ಎರಡು ಫೇಸಿನ ನಡುವೆ ಬಿದ್ದರೆ ಇಡೀ ಪ್ಯಾನಲ್ಲು ಬೂದಿ.

ಕೇಬಲ್ಲಿನ ಭಾರ ಲಗ್ಗಿನ ಮೇಲೆ ಬೀಳಬಾರದು. ಎರಡು ಮೀಟರ್ ನೇತಾಡಿದರೆ 10 ಕಿಲೋ ಎಂದಾಯಿತು. ಅದನ್ನು ಬ್ರೇಕರಿನ ಟರ್ಮಿನಲ್ಲು ಹೊರಬೇಕೇ? ಗೋಡೆಗೆ ಕ್ಲ್ಯಾಂಪು ಹೊಡೆದು ಭಾರವನ್ನು ಗೋಡೆಗೆ ಕೊಡಿ. ಬೋಲ್ಟು ಹಾಕುವ ಮೊದಲೇ ಕೋರು ತನ್ನ ಜಾಗದಲ್ಲಿ ತಾನೇ ನಿಂತಿರಬೇಕು. ಬೋಲ್ಟಿನಿಂದ ಎಳೆದು ತರುವ ಸ್ಥಿತಿ ಇದ್ದರೆ ಬಾಗು ತಪ್ಪಿದೆ ಎಂದರ್ಥ. ಬಿಚ್ಚಿ ಮತ್ತೆ ಮಾಡಿ. ಫೇಸುಗಳು ಪೆಟ್ಟಿಗೆಯೊಳಗೆ ಒಂದರ ಮೇಲೊಂದು ದಾಟಬಾರದು. ಕೆಂಪು, ಹಳದಿ, ನೀಲಿಯ ಸಾಲನ್ನು ಕೆಳಗೆ ಗ್ಲ್ಯಾಂಡಿನ ಹತ್ತಿರವೇ ಕೇಬಲ್ ತಿರುಗಿಸಿ ಸರಿ ಮಾಡಿಕೊಳ್ಳಿ. ಟರ್ಮಿನಲ್ಲುಗಳ ನಡುವಿನ ತಡೆ ಹಲಗೆಗಳನ್ನು, ಅಡ್ಡ ಬರುತ್ತದೆ ಅಂತ ಕಿತ್ತೆಸೆಯಬೇಡಿ. ಅವು ಇರುವುದೇ ಅಡ್ಡ ಬರಲಿಕ್ಕೆ!

ಇನ್ನು ಲಗ್ಗು. ನಮ್ಮಲ್ಲಿ ಒಂದು ಕೆಟ್ಟ ಚಾಳಿ ಇದೆ. ಲಗ್ಗಿನ ಬಾಯಿ ಚಿಕ್ಕದಾದರೆ ಕೋರಿನ ನಾಲ್ಕು ಎಳೆ ಕತ್ತರಿಸುವುದು, ದೊಡ್ಡದಾದರೆ ತಂತಿ ತುರುಕಿ ಸುತ್ತಿಗೆಯಿಂದ ಬಡಿಯುವುದು. ಇದು ಕೆಲಸವಲ್ಲ, ಕೊಲೆ! ಕೋರಿನ ಅಳತೆಯ ಲಗ್ಗು, ಲಗ್ಗಿನ ಅಳತೆಯ ಅಚ್ಚು, ಹೈಡ್ರಾಲಿಕ್ ಕ್ರಿಂಪಿಂಗ್ ಯಂತ್ರ, ಈ ಮೂರೂ ಹೊಂದಬೇಕು. ಅಲ್ಯೂಮಿನಿಯಂ ಗಾಳಿಗೆ ಬಂದ ಕೂಡಲೇ ಮೇಲೊಂದು ಪೊರೆ ಕಟ್ಟುತ್ತದೆ. ಕಣ್ಣಿಗೆ ಕಾಣದ ಆ ಪೊರೆಯಲ್ಲಿ ಕರೆಂಟು ಹರಿಯುವುದಿಲ್ಲ. ತಂತಿ ಬ್ರಶ್ಶಿನಿಂದ ಉಜ್ಜಿ, ಆ ತಕ್ಷಣ ಜಾಯಿಂಟ್ ಪೇಸ್ಟ್ ಹಚ್ಚಿ, ಲಗ್ಗಿಗೆ ಹಾಕಿ ಒತ್ತಬೇಕು. ಅಲ್ಯೂಮಿನಿಯಂ ಲಗ್ಗನ್ನು ತಾಮ್ರದ ಬಸ್‌ಬಾರಿಗೆ ನೇರವಾಗಿ ಕೂರಿಸಿದರೆ ತೇವ ಸೇರಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಅಲ್ಲಿ ಎರಡು ಲೋಹದ ಲಗ್ಗು ಅಥವಾ ವಾಷರ್ ಬೇಕು.

ಸಡಿಲ ಜಾಯಿಂಟು ಏನು ಮಾಡುತ್ತದೆ? ಜಾಯಿಂಟಿನಲ್ಲಿ ಒಂದು ಓಮಿನ ಸಾವಿರದ ಒಂದು ಪಾಲು ತಡೆ ಇದೆ ಅಂದುಕೊಳ್ಳಿ. 300 ಆಂಪಿಯರ್ ಹರಿದರೆ, 300ನ್ನು 300ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. 90 ವ್ಯಾಟ್! ಬೆರಳುಗಾತ್ರದ ಜಾಗದಲ್ಲಿ ಬೆಸುಗೆ ಹಾಕುವ ಕಡ್ಡಿ ಉರಿಯುತ್ತಿದ್ದಂತೆ, ಅದೂ ಮುಚ್ಚಿದ ಪೆಟ್ಟಿಗೆಯೊಳಗೆ. ಲೋಡು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಪಿ.ವಿ.ಸಿ. ಕೇಬಲ್ಲಿನ ಕೋರು 70 ಡಿಗ್ರಿವರೆಗೆ ಬಿಸಿಯಾಗಬಹುದು, ಎಕ್ಸ್‌.ಎಲ್‌.ಪಿ.ಇ. 90ರವರೆಗೆ. ಅದರ ಮೇಲೆ ದಿನದಿನಕ್ಕೂ ಆಯಸ್ಸು ಕಡಿಮೆ. ಆದ್ದರಿಂದ ಬೋಲ್ಟನ್ನು ಕೈಯಂದಾಜಿಗೆ ಬಿಡಬೇಡಿ, ಟಾರ್ಕ್ ಸ್ಪ್ಯಾನರ್ ಹಿಡಿಯಿರಿ, ತಯಾರಕರು ಹೇಳಿದಷ್ಟೇ ಬಿಗಿಮಾಡಿ. ಬಿಗಿ ಮಾಡಿದ ಬೋಲ್ಟಿನ ಮೇಲೆ ಬಣ್ಣದ ಗೆರೆ ಎಳೆಯಿರಿ. ಮುಂದೆ ಅದು ಸಡಿಲಾದರೆ ಗೆರೆಯೇ ಹೇಳುತ್ತದೆ.

ಕೈ ಹಾಕುವ ಮೊದಲು

ಕರೆಂಟು ಆಫಾಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೆಂಡತಿ ಹೇಳಿದರೂ ನಂಬಬೇಡಿ! ಫ್ಯೂಸ್ ಕ್ಯಾರಿಯರ್ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಬ್ರೇಕರಾದರೆ ಬೀಗ ಹಾಕಿ, ಕೀಲಿ ನಿಮ್ಮ ಬಳಿ ಇರಲಿ, ಬೋರ್ಡು ತೂಗುಹಾಕಿ. ಜನರೇಟರ್, ಯು.ಪಿ.ಎಸ್., ಈಗ ಚಾವಣಿಯ ಮೇಲಿನ ಸೋಲಾರು, ಇವೆಲ್ಲ ಹಿಂದಿನಿಂದ ಕರೆಂಟು ತಳ್ಳಬಹುದು. ಟೆಸ್ಟರನ್ನು ಮೊದಲು ಕರೆಂಟಿರುವ ಕಡೆ ಹಿಡಿದು ಅದು ಸರಿಯಿದೆ ಅಂತ ನೋಡಿ, ಆಮೇಲೆ ಇಲ್ಲಿ ಹಿಡಿಯಿರಿ, ಮತ್ತೊಮ್ಮೆ ಅಲ್ಲಿ ಹಿಡಿದು ನೋಡಿ. ಮೂರು ಸಲ. ಉದ್ದ ಕೇಬಲ್ಲು ಆಫಾದ ಮೇಲೂ ಒಳಗೆ ಕರೆಂಟು ಹಿಡಿದಿಟ್ಟುಕೊಂಡಿರುತ್ತದೆ. ಅರ್ತಿಗೆ ಮುಟ್ಟಿಸಿ ಖಾಲಿ ಮಾಡಿ. ಮುಗಿದ ಮೇಲೆ ಮೆಗ್ಗರ್ ಹಾಕದೆ ಚಾರ್ಜು ಮಾಡಬೇಡಿ. ಮೆಗ್ಗರ್ ಹಾಕಿದ ಮೇಲೆಯೂ ಅರ್ತಿಗೆ ಮುಟ್ಟಿಸುವುದನ್ನು ಮರೆಯಬೇಡಿ.

ಕರೆಂಟು ಬಂತು, ಅದರ ಮಾತು ಬರಲಿಲ್ಲ!

ಈಗ ನಿಮ್ಮೆಲ್ಲರ ವಿಷಯಕ್ಕೆ ಬರುತ್ತೇನೆ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿ, 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. 1908ರಲ್ಲಿ ನಮ್ಮ ಮೈಸೂರಿಗೆ ಬಂತು. ಕನ್ನಡದ ನೆಲದಲ್ಲಿ, ಕಾವೇರಿಯ ನೀರಿನಲ್ಲಿ ಹುಟ್ಟಿದ ಕರೆಂಟು! ನೂರು ವರ್ಷ ದಾಟಿತು. ಆದರೆ ಆ ಕರೆಂಟಿನಿಂದ ಸಾಯದೆ ಬದುಕುವುದು ಹೇಗೆ ಅನ್ನುವ ಚೀಟಿ ಇನ್ನೂ ಕನ್ನಡದಲ್ಲಿ ಬರಲಿಲ್ಲ. ಇದೆಂಥ ನ್ಯಾಯ?

ಕಾನೂನು ಏನು ಹೇಳುತ್ತದೆ ಗೊತ್ತೇ? 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇತ್ತು. ಅಪಾಯದ ಫಲಕದಲ್ಲಿ ತಲೆಬುರುಡೆಯ ಗುರುತಿನ ಜೊತೆ ಹಿಂದಿ ಅಥವಾ ಇಂಗ್ಲಿಷು ಇರಬೇಕು, ಆ ಜಿಲ್ಲೆಯ ಭಾಷೆಯೂ ಇರಲೇಬೇಕು. ಅವುಗಳ ಜಾಗಕ್ಕೆ ಬಂದ 2010ರ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲೂ, ಅದರ ನಂತರದ 2023ರ ನಿಯಮಗಳಲ್ಲೂ ಅದೇ ಮಾತಿದೆ. ಶಾಕ್ ಹೊಡೆದವರಿಗೆ ಮಾಡಬೇಕಾದ ಶುಶ್ರೂಷೆಯ ಸೂಚನೆಯೂ ಜಿಲ್ಲೆಯ ಭಾಷೆಯಲ್ಲಿರಬೇಕು. ಮೈಸೂರು ಜಿಲ್ಲೆಯ ಭಾಷೆ ಯಾವುದು ಸ್ವಾಮಿ? ಅದಕ್ಕೊಂದು ಆಯೋಗ ಬೇಕೇ?

ನಾಳೆ ಬೆಳಿಗ್ಗೆ ನಿಮ್ಮ ನಿಮ್ಮ ಕಟ್ಟಡದ ಪ್ಯಾನಲ್ ಮುಂದೆ ನಿಂತು ನೋಡಿ. ಕನ್ನಡದ ಫಲಕ ಇದೆಯೇ? ಇಲ್ಲದಿದ್ದರೆ ಮಾಲೀಕರನ್ನು, ಸಂಘದವರನ್ನು ಕೇಳಿ. ಬೈಯಬೇಡಿ, ನಿಯಮ ತೋರಿಸಿ ಕೇಳಿ. ಇದು ಅಭಿಮಾನಕ್ಕಾಗಿ ಕೇಳುವ ಬೋರ್ಡಲ್ಲ, ಪ್ರಾಣಕ್ಕಾಗಿ ಕೇಳುವ ಬೋರ್ಡು.

ಬಾಗಿಲ ಒಳಗಿನ ಸೂಚನೆಯ ಕಾಗದ ಇನ್ನೊಂದು. ಅದನ್ನು ಕನ್ನಡದಲ್ಲಿ ಕೊಡಿ ಅಂತ ಪ್ಯಾನಲ್ ಕೊಳ್ಳುವಾಗಲೇ ಕೇಳಿ. ದುಡ್ಡು ಕೊಡುವವರು ನಾವು, ಕೇಳಲು ಸಂಕೋಚವೇಕೆ? ಕನ್ನಡದಲ್ಲಿ ಇಂಥದನ್ನೆಲ್ಲ ಬರೆಯಲಿಕ್ಕೆ ಪದಗಳಿಲ್ಲ ಅನ್ನುವವರಿದ್ದಾರೆ. ಈಗ ಅರ್ಧ ಗಂಟೆಯಿಂದ ನಾನು ಮಾತಾಡಿದ್ದು ಯಾವ ಭಾಷೆ? ಲಗ್ಗು, ಗ್ಲ್ಯಾಂಡು, ಮೆಗ್ಗರು, ಇವಕ್ಕೆಲ್ಲ ಸಂಸ್ಕೃತದ ಉದ್ದುದ್ದ ಹೆಸರು ಇಡುವುದು ಬೇಡ. ಅವು ನಮ್ಮ ಬಾಯಲ್ಲಿ ಪಳಗಿ ಕನ್ನಡವೇ ಆಗಿವೆ. ಸಾಲು ಕನ್ನಡದ್ದಾಗಿರಲಿ, ಏನು ಮಾಡಬೇಕು, ಏನು ಮಾಡಬಾರದು ಅನ್ನುವುದು ತಿಳಿಯಲಿ. ಯಾರ ಹೆಸರನ್ನು ಈ ಬಡಾವಣೆಗೆ ಇಟ್ಟಿದ್ದೇವೋ ಆ ಕುವೆಂಪು ಅವರು ಈ ಊರಿನ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು, ಕನ್ನಡದಲ್ಲಿ ವಿಜ್ಞಾನ ಕಲಿಸಬೇಕು ಅಂತ ಹಟ ಹಿಡಿದವರು. ಅವರ ಹೆಸರಿನ ನಗರದಲ್ಲಿ ಒಂದು ಕರೆಂಟಿನ ಪೆಟ್ಟಿಗೆಗೆ ಕನ್ನಡ ಬರುವುದಿಲ್ಲ ಎಂದರೆ ನಾಚಿಕೆ ಯಾರಿಗೆ?

ಕಸುಬಿನ ಗೆಳೆಯರಿಗೆ ಕೊನೆಯ ಮಾತು. ಲೈಸೆನ್ಸ್ ಇರುವವರು ನಾವು, ಕೈ ಹಾಕುವವನು ಸಹಾಯಕ. ಕೆಲಸ ಶುರು ಮಾಡುವ ಮೊದಲು ಐದು ನಿಮಿಷ ಅವನನ್ನು ಕೂರಿಸಿಕೊಂಡು, ಆ ಕಾಗದದಲ್ಲಿ ಏನಿದೆ ಅಂತ ಕನ್ನಡದಲ್ಲಿ ಓದಿ ಹೇಳಿ. ನಿಮಗೇ ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅನ್ನಿ. ಬಲ್ಲವರ ಹತ್ತಿರ ಓದಿಸಿ. ಅದರಿಂದ ಮಾನ ಹೋಗುವುದಿಲ್ಲ. ನಾನು ಅವತ್ತು ಮಾನ ಉಳಿಸಿಕೊಂಡೆ, ಆ ಹುಡುಗ ಎರಡು ಬೆರಳು ಕಳೆದುಕೊಂಡ.

ಅವನು ಇಂದಿಗೂ ಕಂಡಾಗ "ಅಣ್ಣ, ಚೆನ್ನಾಗಿದ್ದೀರಾ?" ಅನ್ನುತ್ತಾನೆ. ಎಡಗೈ ಎತ್ತಿ ನಮಸ್ಕಾರ ಮಾಡುತ್ತಾನೆ. ನನಗೆ ಉತ್ತರ ಹೇಳಲು ನಾಲಿಗೆ ಏಳುವುದಿಲ್ಲ. ನಿಮ್ಮಲ್ಲಿ ಯಾರಿಗೂ ಆ ಗತಿ ಬಾರದಿರಲಿ.

ಸಿರಿಗನ್ನಡಂ ಗೆಲ್ಗೆ.